ಸುಣ್ಣ ತುಂಬಿಸಿಕೊಂಡ ತಪಾಸಣೆ ಡಬ್ಬಿ

ನಾನು ಒಂದು ಪ್ಲಾಸ್ಟಿಕ್ ಡಬ್ಬಿ. ಹೆಬ್ಬೆರಳಿನಷ್ಟು ಮೈ, ನೀಲಿ ಮುಚ್ಚಳ. ಅಚ್ಚಿನಿಂದ ಬಿಸಿಬಿಸಿಯಾಗಿ ಉದುರಿದಾಗಲೇ ನನ್ನ ಕೆಲಸ ಗೊತ್ತಾಗಿತ್ತು: ಮನುಷ್ಯರ ಮಲವನ್ನು ಪ್ರಯೋಗಾಲಯಕ್ಕೆ ಹೊತ್ತೊಯ್ಯುವುದು. ಮೂಗು ಮುರಿಯಬೇಡಿ. ಕಣ್ಣಿಗೆ ಕಾಣದ ರಕ್ತವೂ ಅಲ್ಲಿ ಸಿಕ್ಕಿಬೀಳುತ್ತದೆ. ದೊಡ್ಡ ಕರುಳಿನ ಕ್ಯಾನ್ಸರನ್ನು ಎಳೆಯದಾಗಿರುವಾಗಲೇ ಹಿಡಿಯಬಹುದು.

ಗುಳೇದಗುಡ್ಡದ ನೇಕಾರರ ಓಣಿಗೆ ನನ್ನನ್ನು ತಂದವಳು ಆಶಾ ಕಾರ್ಯಕರ್ತೆ ರೇಣವ್ವ. ವಯಸ್ಸಾದವರಿಗೆಲ್ಲ ಒಂದೊಂದು ಡಬ್ಬಿ ಹಂಚುತ್ತ, ಖಣ ನೇಯುವ ಗುರುಸಂಗಪ್ಪನ ಕೈಗೆ ನನ್ನನ್ನಿಟ್ಟಳು. ಅವನಿಗೆ ಆಗಲೇ ಆಗಾಗ ರಕ್ತ ಹೋಗುತ್ತಿತ್ತು. ಪುಣ್ಯಾತ್ಮ ಬಾಯಿಬಿಡಲಿಲ್ಲ.

ಅವಳು ಹೋದ ಮೇಲೆ ಹೆಂಡತಿ ನೀಲವ್ವ, ಹೇಳಿದಷ್ಟು ಮಾಡಿದರೆ ಗಂಟೇನು ಹೋಗುತ್ತದೆ ಎಂದು ಗದರಿದಳು.

"ರೇಣವ್ವ ಬೀಗರ ಸೊಸಿ. ಆಕಿ ಕೈಯಾಗ ಇದನ್ನ ತುಂಬಿ ಹೆಂಗ ಕೊಡ್ಲಿ?" ಎಂದ.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಕೂರುವವರಿಗೆ ಮೂಲವ್ಯಾಧಿ ಇದ್ದದ್ದೇ ಎಂಬುದು ಆ ಓಣಿಯ ನಂಬಿಕೆ. ತನಗೂ ಅದೇ ಎಂದುಕೊಂಡು ಗುರುಸಂಗಪ್ಪ ಮೂಲಂಗಿ ತಿಂದ, ಮಜ್ಜಿಗೆ ಕುಡಿದ. ನನಗೆ ಎಲೆ ಅಡಿಕೆಯ ಸುಣ್ಣ ತುಂಬಿ ಅಂಗಿಯ ಜೇಬಿಗೆ ಸೇರಿಸಿದ. ಎಂಥ ಗತಿ ಬಂತು ನನಗೆ! ಎರಡು ವರ್ಷ ಅವನ ಎದೆಗೊರಗಿಯೇ ಇದ್ದೆ. ಬರಬರುತ್ತ ಪಕ್ಕೆಲುಬು ನನ್ನನ್ನು ಒತ್ತತೊಡಗಿತು. ಸಂಕಟದಿಂದ ಒದ್ದಾಡಿದೆ. ಕೂಗಿ ಹೇಳೋಣವೆಂದರೆ, ಇದ್ದೊಂದು ಬಾಯಿಯ ತುಂಬ ಸುಣ್ಣ.

ಒಂದು ದಿನ ಹೊಟ್ಟೆ ಉಬ್ಬಿ ಕುಣಿಯಲ್ಲೇ ಕುಸಿದ. ಬಾಗಲಕೋಟೆಗೆ ಒಯ್ದರು. ಕರುಳಿನ ಗಡ್ಡೆ ಯಕೃತ್ತಿಗೂ ಹಬ್ಬಿತ್ತು. ರಕ್ತ ಕಂಡಾಗಲೇ ಬಂದಿದ್ದರೆ ಕೊಯ್ದು ತೆಗೆಯಬಹುದಿತ್ತು, ಇನ್ನು ನೋವಿಗಷ್ಟೇ ಔಷಧಿ ಎಂದರು ಡಾಕ್ಟರು. ಇದು ರಕ್ತಸಂಬಂಧಿಗಳಿಗೂ ಬರಬಹುದು, ಒಡಹುಟ್ಟಿದವರೂ ಕರುಳಿಗೆ ಕೊಳವೆ ಬಿಟ್ಟು ನೋಡಿಸಿಕೊಳ್ಳಲೇಬೇಕು ಎಂದರು. ತಮ್ಮ ಈರಬಸಪ್ಪ ತನಗೇನೂ ಆಗಿಲ್ಲವೆಂದು ನುಣುಚಿಕೊಂಡ.

ಈಗ ಗುರುಸಂಗಪ್ಪನಿಗೆ ಎಲೆ ಅಡಿಕೆ ಇರಲಿ, ಗಂಜಿಯೂ ಇಳಿಯುವುದಿಲ್ಲ. ನಾನು ಮಂಚದ ಕೆಳಗೆ ಬಿದ್ದಿದ್ದೇನೆ. ಇಲ್ಲಿಂದ ಕಾಣುವುದು ಬಂದುಹೋಗುವವರ ಪಾದ ಮಾತ್ರ. ಇವತ್ತು ಈರಬಸಪ್ಪನ ಪಾದಗಳು ಬಂದವು. ಅಂಗಳದಲ್ಲಿ ರೇಣವ್ವ ನೀಲವ್ವನಿಗೆ ಮಾತ್ರೆಗಳ ಲೆಕ್ಕ ಹೇಳುತ್ತಿದ್ದಳು.

"ನಾಚಿಕೊಂಡು ಸಾಯಾಕತ್ತೀನೋ ತಮ್ಮಾ," ಎಂದ ಗುರುಸಂಗಪ್ಪ. "ಖರೇ ಹೇಳು. ನಿನಗೂ ರಕ್ತ ಹೋಗತೈತೇನು?"

ಪಾದಗಳು ಬಾಗಿಲ ಕಡೆ ತಿರುಗಿದವು. ಮಂಚ ಕಿರುಗುಟ್ಟಿತು, ಅಣ್ಣ ಕೈ ಹಿಡಿದು ಜಗ್ಗಿರಬೇಕು. ಪಾದಗಳು ನಿಂತವು.

"ವರ್ಷ ಆತಣ್ಣಾ."

ಗುರುಸಂಗಪ್ಪ, ಉಳಿದ ಉಸಿರನ್ನೆಲ್ಲ ಒಟ್ಟು ಮಾಡಿ, ಓಣಿಗೆಲ್ಲ ಕೇಳುವಂತೆ ರೇಣವ್ವನನ್ನು ಕೂಗಿದ.