ಮನೆಯ ಕ್ರೀಮಿಗೆ ಎರಡು ದಿನದ ಪರೀಕ್ಷೆ

ಚಳಿ ಶುರುವಾದರೆ ಎಲ್ಲರ ಮನೆಯಲ್ಲೂ ಇದೇ ಗೋಳು. ಕೈ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ತುಟಿ ಸಿಪ್ಪೆ ಏಳುತ್ತದೆ. ಆಗ ಯಾರಾದರೂ ಒಬ್ಬರು "ಮನೇಲೇ ಮಾಡಿದ್ದು, ಏನೂ ಆಗಲ್ಲ, ಹಚ್ಕೊಳ್ಳಿ" ಅಂತ ಒಂದು ಡಬ್ಬಿ ಕೈಗಿಡುತ್ತಾರೆ. ನಮ್ಮ ಬೀದಿಯಲ್ಲಿ ಹಾಗೆ ಕೈಗಿಡುತ್ತಿದ್ದವಳು ನಾನೇ.

ನನ್ನದು ಎರಡು ಕುರ್ಚಿಯ ಬ್ಯೂಟಿ ಪಾರ್ಲರ್. ಹುಬ್ಬು ತಿದ್ದುವುದರಲ್ಲಿ ನಾನು ಎತ್ತಿದ ಕೈ. ಜಗಳದಲ್ಲೂ ಅಷ್ಟೇ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹೋದ ವರ್ಷ ಒಂದು ತರಬೇತಿಗೆ ಹೋಗಿ ಕ್ರೀಮು ಮಾಡುವುದನ್ನು ಕಲಿತು ಬಂದೆ. ಲೋಳೆಸರದ ತಿರುಳು, ಕಾಯಿಸಿ ಆರಿಸಿದ ನೀರು, ಬಾದಾಮಿ ಎಣ್ಣೆ, ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿದಿಡುವ ಒಂದು ಮೇಣ, ಮೇಲೆ ಎರಡು ಹನಿ ಗುಲಾಬಿ ಅತ್ತರು. ಮಿಕ್ಸಿಯಲ್ಲಿ ತಿರುಗಿಸಿದರೆ ಬೆಣ್ಣೆಯಂಥ ಕ್ರೀಮು! ಕೆಡದ ಹಾಗೆ ಕಾಯುವ ಪ್ರಿಸರ್ವೇಟಿವ್ ಅಂತ ಅಲ್ಲಿಯವರು ಒಂದು ಚಿಕ್ಕ ಬಾಟಲಿಯನ್ನೂ ಕೊಟ್ಟಿದ್ದರು. ಅದರ ಸೀಲನ್ನೇ ನಾನು ಒಡೆಯಲಿಲ್ಲ. ಬಂದವರೆಲ್ಲ "ಕೆಮಿಕಲ್ ಇಲ್ಲ ತಾನೆ?" ಅಂತಲೇ ಕೇಳುತ್ತಿದ್ದರಲ್ಲ! ಡಬ್ಬಿಗಳ ಮೇಲೆ 'ಕೆಮಿಕಲ್ ಇಲ್ಲ' ಅಂತ ದಪ್ಪಕ್ಷರದಲ್ಲಿ ಬರೆದು, ನಾನೇ ಉಬ್ಬಿಹೋದೆ. ಖಾಲಿ ಡಬ್ಬಿ ವಾಪಸ್ ತಂದವರಿಗೆ, ತಳದಲ್ಲಿ ಉಳಿದ ಹಳೆಯದರ ಮೇಲೇ ಹೊಸದನ್ನು ತುಂಬಿ ಕೊಡುತ್ತಿದ್ದೆ. ಯಾಕೆ ಸುಮ್ಮನೆ ದಂಡ ಮಾಡುವುದು ಅಂತ.

ಒಂದು ರಜೆಯ ದಿನ ಅತ್ತಿಗೆ ಕೂದಲು ಕತ್ತರಿಸಿಕೊಳ್ಳಲು ಬಂದರು. ನಮ್ಮಣ್ಣನ ಹೆಂಡತಿ. ಕ್ರೀಮು ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ಕೋಣೆಯಲ್ಲಿ ಅವರಿಗೆ ಕೆಲಸ. ಡಬ್ಬಿ ತೆಗೆದು ಮೂಸಿದರು.

"ವಾಸನೆ ಚೆನ್ನಾಗಿದೆ ಕಣೇ. ಇದರಲ್ಲಿ ನೀರಿದೆಯಾ?"

"ನೀರಿಲ್ದೆ ಕ್ರೀಮಾಗುತ್ತಾ ಅತ್ತಿಗೆ?"

"ಕೆಡದ ಹಾಗೆ ಏನು ಹಾಕಿದೀಯ?"

"ಏನೂ ಇಲ್ಲ. ಅದೇ ಇದರ ಹೆಚ್ಚುಗಾರಿಕೆ!"

"ಅಯ್ಯೋ ಹುಚ್ಚಿ! ನೀರಿರೋ ಕಡೆ ಸೂಕ್ಷ್ಮಜೀವಿಗಳು ಬೆಳೀತವೆ. ಕುಡಿಯೋಕೆ ನೀರೂ ಸಿಕ್ತು, ತಿನ್ನೋಕೆ ಲೋಳೆಸರವೂ ಸಿಕ್ತು. ಇನ್ನೇನು ಬೇಕು ಅವಕ್ಕೆ? ಆರಾಮಾಗಿ ಸಂಸಾರ ಹೂಡ್ತವೆ."

ನನಗೆ ಮೈಯೆಲ್ಲ ಉರಿಯಿತು. "ನೀವು ಫ್ಯಾಕ್ಟರಿಯವರು. ಮನೇಲಿ ಮಾಡಿದ್ದು ಕಂಡ್ರೆ ನಿಮಗೆ ಹೊಟ್ಟೆಕಿಚ್ಚು" ಅಂದುಬಿಟ್ಟೆ. ಹಾಗನ್ನಬಾರದಿತ್ತು. ಅತ್ತಿಗೆ ಮಾತ್ರ ನಕ್ಕರು.

"ಆಯ್ತಮ್ಮ, ನನ್ನ ಮಾತೂ ಬೇಡ, ನಿನ್ನ ಮಾತೂ ಬೇಡ. ಪರೀಕ್ಷೆ ಮಾಡೇ ನೋಡಿಬಿಡೋಣ."

ಮರುದಿನವೇ ಅವರು ಎರಡು ಪುಟ್ಟ ಸೀಸೆಗಳನ್ನು ತಂದರು. ಒಂದೊಂದರಲ್ಲೂ ಒಂದು ಪಟ್ಟಿ, ಅದರ ಮೇಲೆ ಜೆಲ್ಲಿಯಂಥ ಲೇಪ. ಸೂಕ್ಷ್ಮಜೀವಿಗಳಿದ್ದರೆ ಆ ಲೇಪದ ಮೇಲೆ ಬೆಳೆದು ಕಣ್ಣಿಗೆ ಕಾಣುತ್ತವಂತೆ. ಮೂರು ವಾರದ ಹಿಂದೆ ತೆರೆದ ನನ್ನ ಕ್ರೀಮನ್ನು ಒಂದಕ್ಕೆ ತಾಗಿಸಿದರು. ಅಷ್ಟೇ ದಿನದಿಂದ ಬಳಸುತ್ತಿದ್ದ ಅಂಗಡಿಯ ಕ್ರೀಮನ್ನು ಇನ್ನೊಂದಕ್ಕೆ. ಎರಡನ್ನೂ ಫ್ರಿಜ್ಜಿನ ಹಿಂದೆ, ಬೆಚ್ಚಗಿರುವ ಕಡೆ ಇಟ್ಟರು.

"ಎರಡು ದಿನ ಮುಟ್ಟಬೇಡ. ಅಲ್ಲೀವರೆಗೂ ಯಾರಿಗೂ ಕ್ರೀಮು ಕೊಡಬೇಡ."

ನಾನು ಕೇಳುವವಳೇ? ಆ ಸಂಜೆಯೇ ಟೈಲರ್ ಮನೆಯ ಸೊಸೆ ಬಂದಳು. ಐದು ತಿಂಗಳ ಮಗುವಿನ ತೊಡೆಸಂದು ಒದ್ದೆಬಟ್ಟೆಗೆ ಕೆಂಪಾಗಿ, ಚರ್ಮ ಕಿತ್ತುಬಂದಿತ್ತಂತೆ.

"ಅಕ್ಕಾ, ಮಗುಗೆ ಹಚ್ಚಬಹುದಾ?"

"ಧೈರ್ಯವಾಗಿ ಹಚ್ಚು. ಕೆಮಿಕಲ್ಲೇ ಇಲ್ಲ!" ಎಂದು ಒಂದು ಡಬ್ಬಿ ಕೊಟ್ಟೆ.

ಎರಡು ದಿನ ಕಳೆಯಿತು. ಬ್ಯಾಂಕಿನ ಮೇಡಂ ಕುರ್ಚಿಯಲ್ಲಿದ್ದರು. ಒಂದು ಹುಬ್ಬು ಮುಗಿದಿತ್ತು, ಇನ್ನೊಂದು ಬಾಕಿ. ಅಷ್ಟರಲ್ಲಿ ಅತ್ತಿಗೆ ಬಂದು ಸೀಸೆಗಳನ್ನು ಬೆಳಕಿಗೆ ಹಿಡಿದರು. ಅಂಗಡಿಯ ಕ್ರೀಮಿನ ಪಟ್ಟಿ ಸ್ವಚ್ಛ. ನನ್ನ ಪಟ್ಟಿಯ ತುಂಬ ಗಸಗಸೆ ಚೆಲ್ಲಿದ ಹಾಗೆ ಚುಕ್ಕೆಗಳು. ಡಬ್ಬಿ ತೆಗೆದು ನೋಡಿದೆ. ಅದೇ ಬಿಳುಪು, ಅದೇ ಗುಲಾಬಿ ವಾಸನೆ.

"ಕೆಟ್ಟಿರೋದು ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ" ಅಂದರು ಅತ್ತಿಗೆ. "ಗಟ್ಟಿ ಚರ್ಮಕ್ಕೆ ಕೆಲವು ಸಲ ಏನೂ ಆಗದೆ ಇರಬಹುದು. ಗಾಯ ಇದ್ರೆ, ಕಣ್ಣಿಗೆ ಹೋದ್ರೆ, ಎಳೆ ಮಗುವಾದ್ರೆ ಸೋಂಕು ಹತ್ತಬಹುದು."

ಎಳೆ ಮಗು! "ಮೇಡಂ, ಬಂದೆ!" ಎಂದು ಬರಿಗಾಲಲ್ಲೇ ಓಡಿದೆ. "ಏಯ್, ನನ್ನ ಇನ್ನೊಂದು ಹುಬ್ಬು?" ಎಂದು ಅವರು ಹಿಂದಿನಿಂದ ಕೂಗುತ್ತಿದ್ದರು.

ಟೈಲರ್ ಅಂಗಡಿ ದಾಟುವ ಹೊತ್ತಿಗೆ ಕಾಲು ನಿಧಾನವಾಯಿತು. ಏನಂತ ಹೇಳುವುದು? ಇದಕ್ಕಿಂತ ಒಳ್ಳೇದು ಮಾಡಿದೀನಿ, ಬದಲಾಯಿಸಿ ಕೊಡ್ತೀನಿ ಅಂದರೆ ಸಾಕು, ಮರ್ಯಾದೆ ಉಳಿಯುತ್ತದೆ. ಸುಳ್ಳು ಬಾಯಿಗೆ ಬಂದು ಕೂತಿತ್ತು. ಅಷ್ಟರಲ್ಲಿ ಬಾಗಿಲೊಳಗೆ ಕಂಡಿತು: ಆಗಷ್ಟೇ ಸ್ನಾನ ಮಾಡಿಸಿದ ಮಗು ಚಾಪೆಯ ಮೇಲೆ ಕಾಲು ಬಡಿಯುತ್ತಿತ್ತು. ತಾಯಿ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು.

"ಬೇಡ! ಹಚ್ಚಬೇಡ!" ಎಂದು ಡಬ್ಬಿ ಕಿತ್ತುಕೊಂಡೆ.

ಅವಳು ಬೆಚ್ಚಿಬಿದ್ದಳು. "ಏನಕ್ಕಾ?"

"ಇದು ಕೆಟ್ಟಿದೆ ಕಣಮ್ಮ. ಹಾಕಬೇಕಾದ್ದನ್ನ ನಾನು ಹಾಕಲಿಲ್ಲ. ತಪ್ಪು ನಂದೇ. ಇದಕ್ಕೂ ಮುಂಚೆ ಹಚ್ಚಿದ್ಯಾ?"

"ಇಲ್ಲಕ್ಕಾ. ಚರ್ಮ ಕಿತ್ತಿತ್ತಲ್ಲ, ಉರಿಯುತ್ತೇನೋ ಅಂತ ಇಷ್ಟು ದಿನ ಬರೀ ಒರೆಸಿ ಒಣಗಿಸ್ತಿದ್ದೆ. ಇವತ್ತೇ ಮೊದಲು."

ನಾನು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅವಳು ಒಳಗಿಂದ ನೀರು ತಂದುಕೊಟ್ಟು, ಮೆಲ್ಲಗೆ ಅಂದಳು: "ಡಬ್ಬಿ ಮೇಲೆ ಬರೆದಿದ್ದನ್ನ ನಂಬಿಕೊಂಡಿದ್ದೆ ಅಕ್ಕಾ."

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವತ್ತೇ ಮಗುವನ್ನು ಆಸ್ಪತ್ರೆಯಲ್ಲಿ ತೋರಿಸಿ, ಸಂಜೆಯಿಂದ ಮನೆಮನೆಗೂ ಹೋಗಿ ಕೊಟ್ಟ ಡಬ್ಬಿಗಳನ್ನೆಲ್ಲ ವಾಪಸ್ ತಂದೆ. ಕೆಲವರು ಮುಖ ತಿರುಗಿಸಿದರು. ಬ್ಯಾಂಕಿನ ಮೇಡಂ ಮಾತ್ರ ಎರಡನೇ ಹುಬ್ಬಿಗಾಗಿ ಬಂದೇ ಬಂದರು, ಪಾಪ.

ಆಮೇಲೆ ಅತ್ತಿಗೆಯ ಹತ್ತಿರ ಹೊಸದಾಗಿ ಪಾಠ ಶುರುವಾಯಿತು. "ಕೆಮಿಕಲ್ ಅಂದ್ರೆ ಬೈಗುಳ ಅಲ್ಲ ಕಣೇ. ನೀನು ಕುಡಿಯೋ ನೀರೂ ಕೆಮಿಕಲ್ಲೇ. ಯಾವುದು, ಎಷ್ಟು ಅನ್ನೋದೇ ಲೆಕ್ಕ" ಎಂದು ಕಿವಿ ಹಿಂಡಿದರು. ಪ್ರಿಸರ್ವೇಟಿವ್ ಕಡಿಮೆಯಾದರೆ ಕೆಲಸ ಮಾಡುವುದಿಲ್ಲ, ಹೆಚ್ಚಾದರೆ ಚರ್ಮ ಉರಿಯುತ್ತದೆ. ಅದಕ್ಕೇ ಚಮಚದ ಅಂದಾಜು ಬಿಟ್ಟು ಗ್ರಾಂ ತಕ್ಕಡಿ ತಂದೆ. ಕ್ರೀಮನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಪರವಾನಗಿ ಪಡೆಯುವವರೆಗೂ ಮಾರುವುದಿಲ್ಲ ಎಂದು ಬೋರ್ಡು ಹಾಕಿದೆ. ಸದ್ಯಕ್ಕೆ ಮನೆಯವರಿಗಾಗಿ ನೀರಿಲ್ಲದ, ಬರೀ ಎಣ್ಣೆ ಮತ್ತು ಜೇನುಮೇಣದ ಮುಲಾಮು ಮಾಡುತ್ತೇನೆ. ಅದನ್ನೂ ತೊಳೆದು ಒಣಗಿಸಿದ ಡಬ್ಬಿಗೇ ತುಂಬುವುದು, ಒಣಗಿದ ಚಮಚದಲ್ಲೇ ತೆಗೆಯುವುದು.

ಮೊನ್ನೆ ಅತ್ತಿಗೆಯೂ ಪಾರ್ಲರಿನಲ್ಲಿದ್ದಾಗ ಟೈಲರ್ ಮನೆಯ ಸೊಸೆ ಮಗುವನ್ನೆತ್ತಿಕೊಂಡು ಬಂದಳು. ತೊಡೆ ವಾಸಿಯಾಗಿತ್ತು. ಮುಲಾಮು ನೋಡಿ, "ಅಕ್ಕಾ, ಇದನ್ನ ಮಗುಗೆ ಹಚ್ಚಬಹುದಾ?" ಅಂದಳು.

"ನನಗೆ ಗೊತ್ತಿಲ್ಲ ಕಣಮ್ಮ" ಅಂದೆ. "ಡಾಕ್ಟರನ್ನ ಕೇಳು."

ನನ್ನ ಬಾಯಿಂದ ಗೊತ್ತಿಲ್ಲ ಅನ್ನುವ ಮಾತು ಬಂದದ್ದು ಕೇಳಿ ಅತ್ತಿಗೆ ಕಣ್ಣು ಕಣ್ಣು ಬಿಟ್ಟರು. ಆ ಹುಡುಗಿ ನಕ್ಕು, ಮಗುವನ್ನು ಅತ್ತಿಗೆಯ ಮಡಿಲಿಗೆ ಹಾಕಿ, "ಹಾಗಾದ್ರೆ ನನ್ನ ಹುಬ್ಬು ಮಾಡಿಕೊಡಿ. ನಿಮ್ಮನ್ನ ನಂಬ್ತೀನಿ" ಎಂದು ಕುರ್ಚಿಯಲ್ಲಿ ಕೂತಳು.

ಅಕ್ಕಂದಿರೇ, ತಂಗಿಯರೇ, ಅಣ್ಣಂದಿರೇ, ಕ್ರೀಮು ಕೊಳ್ಳುವಾಗ ತಯಾರಾದ ತಾರೀಖು, ಮುಗಿಯುವ ತಾರೀಖು, ಒಳಗೇನಿದೆ ಎಂಬ ಪಟ್ಟಿ ಓದಿ. ಹೊಸದನ್ನು ಮೊದಲು ಮೊಣಕೈಯ ಒಳಭಾಗಕ್ಕೆ ಚೂರು ಹಚ್ಚಿ ಒಂದೆರಡು ದಿನ ಕಾಯಿರಿ. ಒದ್ದೆ ಬೆರಳನ್ನು ಡಬ್ಬಿಗೆ ಅದ್ದಬೇಡಿ. ಕೊಡುವವರು ಯಾರೇ ಆಗಲಿ, ನೀರಿದೆಯಾ, ಕೆಡದ ಹಾಗೆ ಏನು ಹಾಕಿದ್ದೀರಿ ಎಂದು ನಾಚಿಕೆ ಬಿಟ್ಟು ಕೇಳಿ. ಕೇಳಿದ್ದಕ್ಕೆ ಅವರು ನನ್ನ ಹಾಗೆ ಸಿಡುಕಿದರೆ, ಆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.