ಪೊದೆಗೆ ಉದ್ದ ಬಂದೂಕು

“ಬಂದೂಕು ತಂದಿದ್ದೀಯೋ, ಇಲ್ಲ ಕರೆಂಟ್ ಕಂಬ ಕಿತ್ಕೊಂಡು ಬಂದಿದ್ದೀಯೋ?”

ಟೊಯ್ವೊ ಮುದುಕ ಇದನ್ನು ಹೇಳಿದಾಗ ಅವನ ಹಾರ್ಡ್‌ವೇರ್ ಅಂಗಡಿಯ ಕೌಂಟರಿಗೆ ಒರಗಿ ಆರು ಜನ ಕಾಫಿ ಕುಡಿಯುತ್ತಿದ್ದರು. ಆರೂ ಜನ ನಕ್ಕರು.

“ಪಾಪ, ಮೂರು ವರ್ಷದಿಂದ ಜಿಂಕೆ ಪರ್ಮಿಟ್ಟಿನ ಚೀಟೀನೇ ಬೇಯಿಸಿ ಸೂಪ್ ಕುಡೀತಿದ್ದಾನೆ. ಲೋ ಕೋಲ್ಬಿ, ನಮ್ಮ ಕಾಡಿಗೆ ದಪ್ಪ ಗುಂಡಿಂದು ಬೇಕು ಕಣೋ. ಫಾರ್ಟಿಫೈವ್ ಸೆವೆಂಟಿ. ಪೊದೆ ಸೀಳ್ಕೊಂಡು ಹೋಗುತ್ತೆ.”

ಮೇಷ್ಟ್ರು ಒಂದು ಮಾತಂದರೆ ನಾಲ್ಕು ತಿರುಗಿಸಿ ಅಂದು, ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಈಗ ಕಡಿದುರುಳಿಸಿದ ಮರಗಳನ್ನು ಎಳೆದೊಯ್ಯಲು ಉಕ್ಕಿನ ಹಗ್ಗ ಬಿಗಿಯುವ ಕೆಲಸ. ಮರಗಳು ನನ್ನನ್ನು ಕೆಣಕುವುದಿಲ್ಲ, ಹಾಗಾಗಿ ಅಲ್ಲಿ ಉಳಿದಿದ್ದೇನೆ.

“ಭಾನುವಾರ ಸೀಸನ್ ಮುಗಿಯೋದ್ರೊಳಗೆ ಜಿಂಕೆ ಹೊಡೀದಿದ್ರೆ ಈ ಬಂದೂಕನ್ನ ನಿನ್ನ ಗೋಡೆಗೇ ನೇತುಹಾಕು ಮುದುಕಾ! ಬೇಟೆ ಅನ್ನೋ ಮಾತೇ ಮತ್ತೆ ಎತ್ತಲ್ಲ!” ಎಂದು ಕಿರುಚಿ, ಬಾಗಿಲನ್ನು ಬಡಿಯಲೆಂದೇ ಜೋರಾಗಿ ಎಳೆದು ಹೊರಬಂದೆ. ಅದು ಡೋರ್ ಕ್ಲೋಸರ್ ಇದ್ದ ಬಾಗಿಲು. ಬಡಿಯಲಿಲ್ಲ. ಮೆಲ್ಲಗೆ, ಮರ್ಯಾದೆಯಿಂದ ಮುಚ್ಚಿಕೊಂಡಿತು.

ಮುದುಕ ಹೇಳಿದ್ದರಲ್ಲಿ ಕಂಬದ ಮಾತು ನಿಜವಾಗಿತ್ತು. ಅದು ಇಪ್ಪತ್ತಾರು ಇಂಚು ನಳಿಕೆಯ ಮ್ಯಾಗ್ನಮ್. ಮೇಲೆ ಬಾಟಲಿಯಷ್ಟು ದೊಡ್ಡ ದೂರದರ್ಶಕ. ಫೋನಿನಲ್ಲಿ ಒಬ್ಬ ಒಣ ಬಯಲಿನಲ್ಲಿ ಮಲಗಿ ಅರ್ಧ ಮೈಲಿ ದೂರದ ಜಿಂಕೆಯನ್ನು ಉರುಳಿಸಿದ್ದನ್ನು ನೋಡಿ ಕೊಂಡಿದ್ದೆ. ಹೋ ಎನ್ನುವ ನದಿಯ ಪಕ್ಕದ ನಮ್ಮ ಮಳೆಕಾಡಿನಲ್ಲಿ ಅರ್ಧ ಮೈಲಿ ಕಾಣಬೇಕಾದರೆ ಆಕಾಶವನ್ನೇ ನೋಡಬೇಕು, ಅದೂ ಮೋಡ ಇಲ್ಲದಿದ್ದರೆ. ನವೆಂಬರ್‌ನಲ್ಲಿ ಮೋಡ ಇಲ್ಲದ ದಿನವಿಲ್ಲ.

ಗುರುವಾರ ಬೆಳಿಗ್ಗೆ ಕಾಡು ಹೊಕ್ಕೆ. ಎದೆಯುದ್ದ ಜರಿಗಿಡ, ಮೇಲೆ ಹೆಣೆದುಕೊಂಡ ಬಳ್ಳಿ-ಮೇಪಲ್ಲಿನ ಕೊಂಬೆಗಳು. ಹತ್ತು ಹೆಜ್ಜೆಗೊಮ್ಮೆ ನಳಿಕೆ ಸಿಕ್ಕಿಕೊಳ್ಳುತ್ತಿತ್ತು, ಎಳೆದಾಗ ಕೊಂಬೆಯ ನೀರೆಲ್ಲ ಕಾಲರಿನೊಳಗೆ. ಒಂಬತ್ತರ ಹೊತ್ತಿಗೆ ಮೂವತ್ತು ಹೆಜ್ಜೆ ಆಚೆ ಕೊಂಬಿನ ಗಂಡು ಜಿಂಕೆ ತಲೆಯೆತ್ತಿತು. ನಾನು ಬಂದೂಕು ಎತ್ತಿದೆ, ಅದು ಏಳಲಿಲ್ಲ. ಬಳ್ಳಿ ಹಿಡಿದಿತ್ತು. ಕಿತ್ತು ಎತ್ತಿ ಕಣ್ಣಿಟ್ಟರೆ ಗಾಜಿನ ತುಂಬ ನನ್ನದೇ ಉಸಿರಿನ ಮಂಜು. ಆಮೇಲೆ ನಾನು ಬೈದದ್ದು ಜಿಂಕೆಗೆ ಮಾತ್ರ ಅಲ್ಲ, ಬಳ್ಳಿಗೆ, ಬಂದೂಕು ಮಾಡಿದವನಿಗೆ, ಟೊಯ್ವೊನ ಏಳು ತಲೆಮಾರಿಗೆ.

“ಆಯ್ತಾ? ಇನ್ನೂ ಇದೆಯಾ?”

ಸೀಡರ್ ಮರದ ಬುಡದಿಂದ ಕಿತ್ತಳೆ ಜಾಕೆಟ್ಟಿನ ಹೆಂಗಸೊಬ್ಬಳು ಎದ್ದಳು. ಐಲಿ, ಟೊಯ್ವೊನ ಹೆಂಡತಿ. ಅರವತ್ತೆಂಟು ವರ್ಷ. ಕೈಯಲ್ಲಿ ಗಿಡ್ಡ ಬಂದೂಕು.

“ಒಂದು ಗಂಟೆಯಿಂದ ಆ ಕೊಂಬಿನವನಿಗೇ ಕಾಯ್ತಿದ್ದೆ ಕಣೋ. ಓಡಿಸಿಬಿಟ್ಟೆಯಲ್ಲ.”

“ಅಜ್ಜೀ, ನೀವು ಇಲ್ಲಿ...”

“ಅಜ್ಜಿ ಗಿಜ್ಜಿ ಅಂದ್ರೆ ನಿನಗೇ ಹೊಡೀತೀನಿ. ನಾನು ರಜಾಯಿ ಹೊಲಿಯೋ ಕೂಟದಲ್ಲಿದ್ದೀನಿ, ಗೊತ್ತಾಯ್ತಾ? ಎಂಟು ವರ್ಷದಿಂದ ಒಂದೇ ರಜಾಯಿ ಹೊಲೀತಿದ್ದೀನಿ, ಟೊಯ್ವೊ ನಂಬಿದ್ದಾನೆ. ಗೊತ್ತಾದ್ರೆ ಅವನೂ ಜೊತೆಗೆ ಬರ್ತಾನೆ. ಬಂದ್ರೆ ಮಾತಾಡ್ತಾನೆ.”

ಅವಳ ಬಂದೂಕನ್ನು ನನ್ನ ಕೈಗೆ ಕೊಟ್ಟಳು. ತ್ರೀ ನಾಟ್ ಎಯ್ಟ್. ತುಕ್ಕು ಹಿಡಿಯದ ಉಕ್ಕು, ಪ್ಲಾಸ್ಟಿಕ್ ಹಿಡಿ, ಹದಿನಾರು ಇಂಚಿಗೆ ಕತ್ತರಿಸಿದ ನಳಿಕೆ, ಅದರ ಬಾಯಿಗೆ ಮಳೆ ನೀರು ಹೋಗದಂತೆ ಕರಿ ಟೇಪು. ಗಾಜಿಲ್ಲ, ಗುರಿ ನೋಡಲು ಬರೀ ಒಂದು ಲೋಹದ ಬಳೆ.

“ರಜಾಯಿ ಚೀಲದಲ್ಲಿ ಹಿಡಿಸಬೇಕು ಅಂತ ಗಿಡ್ಡ ಮಾಡಿಸಿದೆ. ಪೊದೆಗೂ ಅದೇ ಸರಿಹೋಯ್ತು.”

“ಗುಂಡು ಸಣ್ಣದಲ್ವಾ? ಪೊದೆ ಸೀಳೋಕೆ ಫಾರ್ಟಿಫೈವ್...”

“ಅದು ನನ್ನ ಗಂಡನ ಪುರಾಣ. ಪೊದೆ ಸೀಳೋ ಗುಂಡು ಯಾವುದೂ ಇಲ್ಲ. ಕಡ್ಡಿ ತಾಗಿದ್ರೆ ಎಲ್ಲಾ ಸೊಟ್ಟ ಹೋಗುತ್ತೆ. ಸಂದಿ ಸಿಗೋವರೆಗೂ ಕಾಯಿ. ಬಾಯಿ ಮುಚ್ಕೊಂಡು ಕಾಯಿ. ಭಾನುವಾರ ಅಂಗಡಿ ರಜಾ, ನಾನು ಅವನ ಜೊತೆ ಮನೇಲಿರಬೇಕು. ಇದನ್ನ ಈಗಲೇ ಇಟ್ಕೊ, ಅವತ್ತು ತಗೊಂಡು ಹೋಗು. ಆದರೆ ಅವನ ಕಿವಿಗೆ ಒಂದಕ್ಷರ ಬಿದ್ರೆ...”

“ಬೀಳಲ್ಲ.”

“ನಿನ್ನ ನಾಲಿಗೆ ನನಗೆ ಗೊತ್ತು. ಆಣೆ ಇಡು.” ಇಟ್ಟೆ.

ಭಾನುವಾರ ಮೂರು ಗಂಟೆಯವರೆಗೆ ಅದೇ ಸೀಡರಿನ ಬುಡದಲ್ಲಿ ಕೂತೆ. ಅಷ್ಟು ಹೊತ್ತು ಯಾರ ಮೇಲೂ ರೇಗದೆ ಕೂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಜಿಂಕೆ ಬಂತು. ಎದೆಗೆ ಎಲೆ ಅಡ್ಡ. ಬೆರಳು ‘ಹೊಡಿ ಹೊಡಿ’ ಎಂದಿತು; ನನ್ನ ಬೆರಳಿಗೂ ನನ್ನದೇ ಬುದ್ಧಿ. ಕಾದೆ. ಅದು ಎರಡು ಹೆಜ್ಜೆ ಇಟ್ಟಿತು. ಅಂಗೈಯಗಲದ ಸಂದಿ. ಬಂದೂಕು ತಾನಾಗಿ ಬಂದಂತೆ ಹೆಗಲಿಗೆ ಬಂತು.

ಜಿಂಕೆ ನಿಂತಲ್ಲೇ ಬಿತ್ತು.

ಸೋಮವಾರ ಮಾಂಸ ಸುತ್ತುವ ಕಾಗದ ಬೇಕಿತ್ತು. ಅಂಗಡಿಯಲ್ಲಿ ಅದೇ ಆರು ಜನ, ಅದೇ ಕಾಫಿ. ಹೊರಗೆ ನನ್ನ ಪಿಕಪ್ಪಿನಲ್ಲಿ ಕೊಂಬು ಕಾಣುತ್ತಿತ್ತು. ಕಾಗದದ ಸುರುಳಿ ನನ್ನ ಕಂಕುಳಿಗೆ ಬರುವವರೆಗೂ ಟೊಯ್ವೊ ತಡೆದುಕೊಂಡಿದ್ದ.

“ಯಾವುದರಲ್ಲಿ ಹೊಡೆದೆಯೋ? ಆ ಕಂಬದಲ್ಲಂತೂ ಅಲ್ಲ. ಬಂಪರಲ್ಲಿ ಗುದ್ದಿ ತಂದೆಯಾ? ಇಲ್ಲ, ಬೇಟೆ ಗೊತ್ತಿರೋ ಯಾರೋ ಪುಣ್ಯಾತ್ಮ ಹೊಡೆದುಕೊಟ್ಟನಾ?”

ಆರೂ ಜನ ನಕ್ಕರು. ಹಿಂದಿನ ಮೂಲೆಯಲ್ಲಿ ಐಲಿ ಮೊಳೆ ತೂಗುತ್ತಿದ್ದಳು. ತಲೆಯೆತ್ತಲಿಲ್ಲ, ತಕ್ಕಡಿಯ ಮೇಲಿನ ಕೈ ಮಾತ್ರ ನಿಂತಿತು.

ನನ್ನ ಇಪ್ಪತ್ತೆರಡು ವರ್ಷದ ಬಾಳಿನ ಅತ್ಯುತ್ತಮ ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಂಥದ್ದು ಇನ್ನೊಂದು ಸಿಗುವುದಿಲ್ಲ ಎಂದೂ ಗೊತ್ತಿತ್ತು.

“ಹೇಳೋ, ನಾಲಿಗೆ ಬಿದ್ದುಹೋಯ್ತಾ?” ಎಂದ ಟೊಯ್ವೊ.

ಕಾಗದದ ಸುರುಳಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ ನಾನು ಬಾಗಿಲ ಕಡೆ ನಡೆದೆ. ಹಿಂದೆ ತಕ್ಕಡಿಗೆ ಮೊಳೆ ಬೀಳುವ ಸದ್ದು ಮತ್ತೆ ಶುರುವಾಯಿತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.