ಬನ್‌ಮಾಮನ ಪಥ್ಯ

ಗೆಣಸಿನ ಹೋಳು ಬಾಣಲೆಯಲ್ಲಿ ಕೆಂಪಗಾಗುವ ಹೊತ್ತಿಗೆ ಅವಳ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ತಿಂಡಿ ಮಾಡಲು ಯಾರಾದರೂ ಹೆದರುತ್ತಾರೆಯೇ? ಅವಳು ಹೆದರುತ್ತಿದ್ದಳು. ತೆಳ್ಳಗೆ ಹೆಚ್ಚಿದ ಗೆಣಸು, ಒಂದು ಚಮಚ ಎಣ್ಣೆ, ಚಿಟಿಕೆ ಉಪ್ಪು. ಇದರಲ್ಲಿ ಹೆದರುವಂಥದ್ದೇನಿದೆ ಎಂದು ಕೇಳುವವರು ಅವಳ ಗಂಡನ ಮುಖವನ್ನು ಆ ಸಂಜೆ ನೋಡಿದವರಲ್ಲ.

ಗಂಡ ಬೇಕರಿಯಲ್ಲಿ ಹಿಟ್ಟು ನಾದುವವನು. ಬೀದಿಯ ಮಕ್ಕಳಿಗೆಲ್ಲ ಬನ್‌ಮಾಮ. ಆ ಸಂಜೆ ಕೆಲಸ ಮುಗಿಸಿ ಬಂದವನು ಎಂದಿನಂತೆ ಹಾಲು ಹಾಕಿದ ಚಹಾ ಕುಡಿದ, ಮೊಟ್ಟೆ ಇಟ್ಟ ಬನ್ನು ತಿಂದ, ಒಂದು ಹಿಡಿ ಕಡಲೆಕಾಯಿ ಬಾಯಿಗೆ ಹಾಕಿಕೊಂಡ. ಏನೋ ತಮಾಷೆ ಹೇಳುತ್ತಿದ್ದವನ ದನಿ ನಡುವೆಯೇ ಕಟ್ಟಿತು. ನೋಡನೋಡುತ್ತ ತುಟಿ ಊದಿತು, ಕಣ್ಣು ಮುಚ್ಚಿಹೋಯಿತು, ಅವನೇ ನಾದಿಟ್ಟ ಹಿಟ್ಟಿನ ಹಾಗೆ ಇಡೀ ಮುಖ ಉಬ್ಬಿ ಬಂತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅವಳ ಜೀವ ಬಾಯಿಗೆ ಬಂದಿತ್ತು. "ಇನ್ನೂ ಸ್ವಲ್ಪ ತಡ ಆಗಿದ್ದಿದ್ರೆ..." ಎಂದ ಡಾಕ್ಟರಮ್ಮ ಮಾತನ್ನು ಪೂರ್ತಿ ಮಾಡಲಿಲ್ಲ. ಅದನ್ನು ಪೂರ್ತಿ ಮಾಡುವ ಕೆಲಸ ಆಮೇಲೆ ದಿನಾ ಅವಳ ಪಾಲಿಗೇ ಬಿತ್ತು.

ರಕ್ತ ಪರೀಕ್ಷೆಯಲ್ಲಿ ಯಾವುದೂ ಖಚಿತವಾಗಿ ಗೊತ್ತಾಗಲಿಲ್ಲ. ಡಾಕ್ಟರಮ್ಮ ಪಥ್ಯ ಹೇಳಿದರು. ಗೋಧಿ, ಹಾಲು, ಮೊಟ್ಟೆ, ಮೀನು, ಬೀಜಗಳು ಎಲ್ಲ ಬಂದ್. ಅಕ್ಕಿ, ಗೆಣಸು, ಕುಂಬಳಕಾಯಿ, ಬೇಯಿಸಿದ ಸೇಬು, ಉಪ್ಪು, ಎಣ್ಣೆ ಇಷ್ಟೇ ಇರಲಿ. ಮೈ ಒಂದು ಹದಕ್ಕೆ ಬರಲಿ, ಆಮೇಲೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಒಂದೊಂದನ್ನೇ ಕೊಟ್ಟು ನೋಡೋಣ ಎಂದರು. ಬೇಕರಿ ಕೆಲಸದ ಮಾತು ಬಂದಾಗ ಗಂಡ ತಲೆ ಬಗ್ಗಿಸಿ, "ಹಿಟ್ಟಿನ ಹತ್ರ ಹೋಗಲ್ಲ ಡಾಕ್ಟ್ರೇ. ಕೌಂಟರ್‌ನಲ್ಲಿ ಕೂತ್ಕೋತೀನಿ, ಅಷ್ಟೆ" ಎಂದ. ಡಾಕ್ಟರಮ್ಮ ಒಪ್ಪಿದರು. ಹೆಂಡತಿಯೂ ನಂಬಿದಳು.

ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದವಳು ಅವತ್ತಿನಿಂದ ಮೆಷಿನ್ನಿಗಿಂತ ಒಲೆಯ ಮುಂದೆಯೇ ಹೆಚ್ಚು ಹೊತ್ತು ನಿಂತಳು. ದಿನವಿಡೀ ಸಿಹಿ ವಾಸನೆಯ ನಡುವೆ ಇರುವ ಮನುಷ್ಯನಿಗೆ ಬರೀ ಅನ್ನ ತಿನ್ನು ಅಂದರೆ ಎಷ್ಟು ದಿನ ತಿಂದಾನು? ಅಕ್ಕಿಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಬಾಟಲಿಯ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ಗರಿಗರಿಯಾಗಿ ಕರಿದಳು. ಕುಂಬಳಕಾಯಿಯನ್ನು ಬೇಯಿಸಿ ಹಿಸುಕಿ ಅಕ್ಕಿಹಿಟ್ಟಿನ ಜೊತೆ ತಟ್ಟಿದಳು. ಸೇಬನ್ನು ಅದರದೇ ನೀರಿನಲ್ಲಿ ಮೆತ್ತಗೆ ಬೇಯಿಸಿ ಗೆಣಸಿನ ಹೋಳಿನ ಮೇಲೆ ಸವರಿಕೊಟ್ಟಳು. ಅದನ್ನು ತಿಂದವನು ಕಣ್ಣರಳಿಸಿ, "ನಾನು ಬೇಕರಿ ಬಿಟ್ಟು ನಿನ್ನ ಹತ್ರ ಕೆಲಸಕ್ಕೆ ಸೇರ್ಕೋತೀನಿ ಕಣೇ" ಎಂದ. ಎಷ್ಟೋ ದಿನಗಳ ಮೇಲೆ ಇಬ್ಬರೂ ನಕ್ಕರು.

ನಗು ಬಹಳ ಕಾಲ ಉಳಿಯಲಿಲ್ಲ. ಒಂದು ಸಂಜೆ ಅವನ ಕುತ್ತಿಗೆಯ ಮೇಲೆ ಕೆಂಪು ದದ್ದು ಕಾಣಿಸಿತು. ಮರುದಿನವೂ ಬಂತು, ಜೊತೆಗೆ ತುಟಿಯಲ್ಲಿ ಚುರುಚುರು. ಸೇಬು ಇರಬೇಕು ಅಂದುಕೊಂಡು ಸೇಬು ನಿಲ್ಲಿಸಿದಳು. ದದ್ದು ಹೋಗಲಿಲ್ಲ. ಕುಂಬಳಕಾಯಿ ನಿಲ್ಲಿಸಿದಳು. ಎಣ್ಣೆ ಬದಲಾಯಿಸಿದಳು. ಹಳೆಯ ಬಾಣಲೆಯಲ್ಲಿ ಏನಾದರೂ ಅಂಟಿಕೊಂಡಿದ್ದರೆ ಎಂದು ಅದನ್ನು ಹೊರಗಿಟ್ಟು ಹೊಸದು ತಂದಳು. ತನ್ನ ಉಗುರು ಬುಡದವರೆಗೆ ಕತ್ತರಿಸಿಕೊಂಡಳು, ಕೈಗೆ ಹಚ್ಚುವ ಎಣ್ಣೆ ಬಿಟ್ಟಳು, ಸೋಪು ಬಿಟ್ಟಳು. ಏನು ಬಿಟ್ಟರೂ ಸಂಜೆ ಅವನು ಬಾಗಿಲಲ್ಲಿ ನಿಂತಾಗ ಅಂಗಿಯ ಕಾಲರಿನ ಮೇಲೆ ಆ ಕೆಂಪು ಇದ್ದೇ ಇರುತ್ತಿತ್ತು.

ಪಕ್ಕದ ಬೀದಿಯಲ್ಲಿದ್ದ ಗಂಡನ ಅಕ್ಕ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೂಸಿ ನೋಡಿದಳು. "ನನ್ನ ತಮ್ಮ ಕಡ್ಡಿ ಆಗೋಗಿದಾನೆ. ಹೊರಗಡೆ ನೀರು ಬಿಟ್ರೆ ಏನೂ ಮುಟ್ಟಲ್ಲ ಅಂತಾನೆ. ಅಂದ್ಮೇಲೆ ಹೊಟ್ಟೆಗೆ ಹೋಗ್ತಿರೋದು ನಿನ್ನ ಕೈಯಿಂದಾನೇ ತಾನೆ? ಏನು ಹಾಕ್ತಿದೀಯ ನೋಡಮ್ಮ, ಸರಿಯಾಗಿ ನೋಡು." ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆಕೆ ಅಳುತ್ತಾ ಹೇಳಿದಳು. ಅದೂ ಅಲ್ಲದೆ, ಅತ್ತಿಗೆ ಹೇಳಿದ್ದನ್ನೇ ಅವಳೂ ರಾತ್ರಿಯೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಕೊನೆಗೆ ಗೆಣಸೂ ಹೋಯಿತು. ಅಕ್ಕಿ, ಉಪ್ಪು, ಆ ಹೊಸ ಎಣ್ಣೆ ಇಷ್ಟೇ ಉಳಿಯಿತು. ಇನ್ನು ತೆಗೆಯಲು ಏನಿದೆ? ಡಾಕ್ಟರಮ್ಮ ಹಣೆ ಗಂಟಿಕ್ಕಿಕೊಂಡು, "ಏನೋ ಒಂದು ಒಳಗೆ ಹೋಗ್ತಾನೇ ಇದೆ. ದದ್ದಲ್ಲೇ ನಿಲ್ಲುತ್ತೆ ಅಂತ ನಾನು ಹೇಳಕ್ಕಾಗಲ್ಲ. ಮತ್ತೆ ಗಂಟಲು ಕಟ್ಟಬಹುದು" ಎಂದರು. ಗಂಡ ಕಿಟಕಿಯ ಕಡೆ ನೋಡುತ್ತ ಕೂತಿದ್ದ. ಪಾಪ, ಹೆದರಿಬಿಟ್ಟಿದ್ದಾನೆ ಅಂದುಕೊಂಡಳು. ಮನೆಗೆ ಬಂದ ಮೇಲೆ ಅವನಿಗೆ ಬಡಿಸಿದ ಪ್ರತಿ ತುತ್ತನ್ನೂ ಅವನ ಗಂಟಲು ಇಳಿಯುವವರೆಗೂ ಕಣ್ಣಿಟ್ಟು ನೋಡಿದಳು. ತನಗೆ ಹಸಿವೇ ಸತ್ತುಹೋಗಿತ್ತು.

ಮರುದಿನ ಮಧ್ಯಾಹ್ನ ಅಕ್ಕಿಬಿಲ್ಲೆ ಕರಿಯುತ್ತಿದ್ದಾಗ ಅವಳಿಗೆ ಒಂದು ಯೋಚನೆ ಹೊಳೆಯಿತು. ಅವನು ಬೇಕರಿಗೆ ಒಯ್ಯುವ ಡಬ್ಬಿಯಲ್ಲಿ ಆರಿದ ಮೇಲೆ ಏನಾದರೂ ಆಗುತ್ತಿದೆಯೋ ಏನೋ; ಬಿಸಿಬಿಸಿಯಾಗಿ ಎದುರಿಗೇ ತಿನ್ನಿಸಿ, ಪಕ್ಕದಲ್ಲೇ ಕೂತು ನೋಡಿಬಿಡೋಣ. ಬಿಲ್ಲೆಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೇಕರಿಗೆ ಹೊರಟಳು. ಅಷ್ಟು ವರ್ಷದಲ್ಲಿ ಅವಳು ಕೆಲಸದ ಹೊತ್ತಿನಲ್ಲಿ ಅಲ್ಲಿಗೆ ಹೋದದ್ದೇ ಇಲ್ಲ.

ಕೌಂಟರ್‌ನಲ್ಲಿ ಗಂಡ ಇರಲಿಲ್ಲ. ಬೇಕರಿಯ ಒಡತಿ, ಕನ್ನಡಕದ ಅಜ್ಜಿ, ಎತ್ತರದ ಸ್ಟೂಲಿನ ಮೇಲೆ ಕೂತು ರಸ್ಕು ತೂಗುತ್ತಿದ್ದಳು.

"ಅವರಿಲ್ವಾ?" ಎಂದು ಇವಳು ಕೇಳಿದಳು.

"ಇನ್ನೆಲ್ಲಿರ್ತಾನಮ್ಮ? ಒಳಗೆ, ಹಿಟ್ಟು ನಾದೋ ತೊಟ್ಟಿ ಹತ್ರ. ಕಾಯಿಲೆ ಮಲಗಿದ್ದಾಗ ಬೇರೆಯವನನ್ನ ಇಟ್ಕೊಂಡಿದ್ದೆ, ಆ ಬನ್ನು ನಾಯಿನೂ ಮೂಸಲಿಲ್ಲ. ನಿನ್ನ ಗಂಡ ನಾಲಿಗೆಗೆ ಮುಟ್ಟಿಸಿ ಹ್ಞೂಂ ಅನ್ನೋವರ್ಗೂ ಇಲ್ಲಿ ಹಿಟ್ಟು ಒಲೆಗೆ ಹೋಗಲ್ಲ." ಅಜ್ಜಿ ಹೆಮ್ಮೆಯಿಂದ ಹೇಳಿದಳು. ಅಜ್ಜಿಗೆ ಪಥ್ಯದ ವಿಷಯ ಯಾರೂ ಹೇಳಿರಲಿಲ್ಲ.

ಒಳಗಿನ ಬಾಗಿಲಿಗೆ ಒಂದು ಚೌಕದ ಗಾಜಿತ್ತು, ಅದರ ಮೇಲೆಲ್ಲ ಹಿಟ್ಟಿನ ಧೂಳು. ಬೆರಳಿನಿಂದ ಒರೆಸಿ ಇಣುಕಿದಳು. ಗಂಡ ಮೊಳಕೈವರೆಗೆ ಹಿಟ್ಟಿನಲ್ಲಿದ್ದ. ಬಾಯಿಗೆ ಕಟ್ಟಿದ ಬಟ್ಟೆ ಗದ್ದದ ಕೆಳಗೆ ಜಾರಿತ್ತು. ಎರಡು ಬೆರಳಲ್ಲಿ ಒಂದು ಚೂರು ಚಿವುಟಿದ, ನಾಲಿಗೆಯ ಮೇಲಿಟ್ಟುಕೊಂಡ, ಚಪ್ಪರಿಸಿದ, ನಾದಿದ. ಮತ್ತೆ ಚಿವುಟಿದ. ಮನೆಯಲ್ಲಿ ಅವಳು ಹೊಲಿಯುತ್ತ ದಾರದ ತುದಿ ಬಾಯಿಗೆ ಹಾಕಿಕೊಳ್ಳುವುದೂ ಹೀಗೆಯೇ, ಹಾಕಿಕೊಂಡದ್ದೇ ಗೊತ್ತಾಗುವುದಿಲ್ಲ. ಅವಳಿಗೆ ಕೂಗಬೇಕೆನಿಸಿತು.

ಬಾಗಿಲು ತಳ್ಳಿ ನುಗ್ಗಿದಳು. ಅವನು ತಿರುಗಿದ. ಮುಖದ ಬಣ್ಣ ಅವನ ಕೈಯ ಬಣ್ಣಕ್ಕೆ ಬಂತು.

"ಉಗೀರಿ! ಮೊದಲು ಉಗೀರಿ ಅದನ್ನ!"

ಉಗಿದ.

"ಗೊತ್ತಿತ್ತಾ ನಿಮಗೆ?"

ಅವನು ಮೆಲ್ಲಗೆ, "ಮೊದಮೊದಲು ಗೊತ್ತಿರಲಿಲ್ಲ ಕಣೇ, ನಿನ್ನಾಣೆ. ಕೈ ತಾನಾಗೇ ಹೋಗ್ತಿತ್ತು. ನೀನು ಸೇಬು ನಿಲ್ಲಿಸಿದ್ಮೇಲೆ ಒಂದಿನ ಗಮನಕ್ಕೆ ಬಂತು" ಎಂದ.

ಸೇಬು ನಿಲ್ಲಿಸಿದ ಮೇಲೆ. ಅಂದರೆ ಕುಂಬಳಕಾಯಿ, ಎಣ್ಣೆ, ಬಾಣಲೆ, ಸೋಪು, ಗೆಣಸು ಒಂದೊಂದಾಗಿ ಹೋಗುವಾಗ ಈ ಮನುಷ್ಯ ತಟ್ಟೆಯ ಮುಂದೆ ಕೂತು ನೋಡುತ್ತಿದ್ದ. ಅಕ್ಕ ಬಂದು ಅತ್ತಾಗಲೂ ತುಟಿ ಪಿಟಕ್ಕೆನ್ನಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಕೈಯಲ್ಲೇ ವಿಷ ಇದೆ ಅಂದ್ಕೊಂಡಿದ್ದೆ ನಾನು. ಸಾಯ್ಸಿಬಿಡ್ತೀನಿ ನಿಮ್ಮನ್ನ ಅಂತ ಹೆದರಿ ಹೆದರಿ ಸತ್ತೆ. ಒಂದು ಮಾತು ಹೇಳಕ್ಕಾಗಲಿಲ್ವಾ?"

"ಹೇಳಿದ್ರೆ ಗೋಧಿ ಅಂತ ಆಗೋಗುತ್ತಲ್ಲ." ಅವನು ತೊಟ್ಟಿಯ ಕಡೆ ನೋಡಿದ. "ಗೋಧಿ ಅಂತ ಆದ್ಮೇಲೆ ನಾನು ಇಲ್ಲಿಗೆ ಬರೋ ಹಾಗಿಲ್ಲ. ನನಗೆ ಇನ್ನೇನು ಬರುತ್ತೆ ಹೇಳು. ನಾನೇ ನಿಲ್ಲಿಸ್ತೀನಿ, ನಾಳೆಯಿಂದ ಚಿವುಟಲ್ಲ ಅಂತ ದಿನಾ ಅಂದ್ಕೋತೀನಿ. ಈ ಕೈ ಕೇಳಲ್ಲ."

ಅವಳು ಇಷ್ಟು ದಿನ ಒಬ್ಬಳೇ ಹೆದರುತ್ತಿದ್ದೇನೆ ಅಂದುಕೊಂಡಿದ್ದಳು. ಎದುರಿಗಿದ್ದವನು ತನಗಿಂತ ಹೆಚ್ಚು ಹೆದರಿದ್ದ, ಸಾಯುವುದಕ್ಕಲ್ಲ, ಈ ಬಾಗಿಲಿನಿಂದ ಹೊರಗೆ ಹೋಗುವುದಕ್ಕೆ. ಅದು ಅರ್ಥವಾದದ್ದೇ ಅವಳ ಸಿಟ್ಟು ಅರ್ಧಕ್ಕೆ ನಿಂತಿತು. ಹೆದರಿಕೆ ಮಾತ್ರ ಇದ್ದಲ್ಲೇ ಇತ್ತು.

"ಕೈ ತೊಳ್ಕೊಳ್ಳಿ. ಈಗಲೇ ಆಸ್ಪತ್ರೆಗೆ ಹೋಗಿ ಎಲ್ಲಾ ಹೇಳಿಬಿಡೋಣ."

ಅವನು ನಲ್ಲಿಯ ಕೆಳಗೆ ನಿಂತು ತೊಳೆದ. ಬೆರಳಿನ ಸಂದು, ಉಗುರು, ಮಣಿಕಟ್ಟು, ಮೊಳಕೈ, ಎಲ್ಲ ತೊಳೆದ ಮೇಲೆ ಮತ್ತೆ ಮೊದಲಿಂದ ತೊಳೆದ. ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿದ. "ಅಜ್ಜಿಗೆ ನಾನೇ ಹೇಳ್ತೀನಿ. ಹಿಟ್ಟು ಇನ್ನೂ ಹದಕ್ಕೆ ಬಂದಿಲ್ಲ, ಇನ್ನೊಂದು ಸ್ವಲ್ಪ ನಾದಬೇಕು ಅಂತಾನೂ ಹೇಳ್ಬೇಕು" ಎಂದ. ತೊಟ್ಟಿಯ ಪಕ್ಕದಲ್ಲಿ ನಿಂತು, ಅವಳ ಮುಖವನ್ನೇ ನೋಡುತ್ತ ಆ ಮಾತು ಹೇಳುತ್ತಿದ್ದಾಗಲೇ, ಅವನ ಬಲಗೈ ತೊಟ್ಟಿಯ ಅಂಚಿಗೆ ಹೋಯಿತು. ಎರಡು ಬೆರಳು ಹಿಟ್ಟನ್ನು ಚಿವುಟಿದವು, ಬಾಯಿಯ ಕಡೆ ಏರಿದವು.

ಅವಳು ಮಣಿಕಟ್ಟನ್ನು ಗಪ್ಪನೆ ಹಿಡಿದುಕೊಂಡಳು.

ಅವನು ತನ್ನ ಬೆರಳುಗಳನ್ನು ನೋಡಿದ. ಯಾರದೋ ಕೈ ನೋಡಿದವನಂತೆ ನೋಡಿ, "ನೋಡಿದ್ಯಾ?" ಎಂದ, ಅಷ್ಟಕ್ಕೇ ಅಳು ಬಂತು.

ಅಜ್ಜಿಗೆ ವಿಷಯ ತಿಳಿಸಿ ಇಬ್ಬರೂ ಹೊರಗೆ ಬಂದರು. ಸ್ಕೂಲು ಬಿಟ್ಟ ಹೊತ್ತು, ಬೀದಿ ತುಂಬ ಮಕ್ಕಳು. "ಬನ್‌ಮಾಮನ್ನ ಅತ್ತೆ ಹಿಡ್ಕೊಂಡು ಹೋಗ್ತಿದಾರೆ!" ಎಂದು ಕೇಕೆ ಹಾಕಿ ಹಿಂದೆ ಬಂದರು. ಅಂಗಡಿ ಮುಂದೆ ಕೂತವರು ತಲೆಯೆತ್ತಿ ನಕ್ಕರು. ಅವನು ಸಂಕೋಚದಿಂದ, "ಬಿಡೇ, ಎಲ್ಲರೂ ನೋಡ್ತಿದಾರೆ" ಎಂದ.

ಅವಳು ಬಿಡಲಿಲ್ಲ. ಆಸ್ಪತ್ರೆಯ ಗೇಟು ಬರುವವರೆಗೂ ಬಿಡಲಿಲ್ಲ.